ಶಂಕರಪುರದ ಸುಗಂಧ ಕ್ಲಾಸ್: ನಮ್ಮ ಸೆಕೆಗೆ, ನಮ್ಮ ಮಳೆಗೆ ಹೊಂದುವ ಪಾಠ

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಮನೆಯಲ್ಲೇ ಸ್ನಾನದ ಪುಡಿ, ಮೈಗೆ ಹಚ್ಚುವ ಎಣ್ಣೆ, ಬಾಮ್, ಲಾವಂಚದ ನೀರು ಇವೆಲ್ಲ ಮಾಡಿಕೊಳ್ಳಬೇಕು ಅಂತ ಆಸೆ ಇರುವವರು ಸುಮ್ನೆ ಹತ್ತಾರು ವಿಡಿಯೋ ನೋಡಿ ತಲೆ ಕೆಡಿಸಿಕೊಳ್ಳುವ ಬದಲು ಈ ಒಂದು ದಿನದ ಕ್ಲಾಸಿಗೆ ಹೋಗಿ ಬನ್ನಿ. ಫೀಸು 1500 ರೂಪಾಯಿ. ಮಧ್ಯಾಹ್ನದ ಊಟ ಅದರಲ್ಲೇ ಬಂತು, ನಾವು ಮಾಡಿದ್ದನ್ನೆಲ್ಲ ಮನೆಗೂ ತರಬಹುದು. ಕೊರತೆಗಳೂ ಇವೆ. ಅದನ್ನೂ ಬರೆಯುತ್ತೇನೆ.

ಉಡುಪಿ ಹತ್ತಿರದ ಕಟಪಾಡಿಯಲ್ಲಿ ಇಳಿದು ಶಿರ್ವ ಕಡೆಯ ಬಸ್ಸು ಹತ್ತಿದರೆ ಶಂಕರಪುರ ಸಿಗುತ್ತದೆ. ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ಉಡುಪಿ ಮಲ್ಲಿಗೆಯ ಊರು. ಕ್ಲಾಸು ನಡೆಯುವುದು ಒಂದು ಮನೆಯ ಜಗಲಿಯಲ್ಲಿ, ಹಿತ್ತಲಲ್ಲಿ ಮಲ್ಲಿಗೆ ಗಿಡಗಳು. ಬೋರ್ಡು ಗೀರ್ಡು ಏನೂ ಇಲ್ಲ. ಕಲಿಸುವವರನ್ನು ಎಲ್ಲರೂ ಬಾಯಮ್ಮ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನನಗೆ ಇವರ ಪಾಠ ಯಾಕೆ ಇಷ್ಟವಾಯಿತು ಅಂದರೆ, ಅವರು ಎಲ್ಲವನ್ನೂ ನಮ್ಮ ಕರಾವಳಿಯ ಹವೆ ಇಟ್ಟುಕೊಂಡೇ ಹೇಳುತ್ತಾರೆ. ವಿಡಿಯೋಗಳಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ, ಬೆಳ್ಳಗೆ, ಚಮಚದಲ್ಲಿ ತೆಗೆಯುವ ಹಾಗೆ ಇರುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ, ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಅದು ಬಾಟಲಿಯಲ್ಲಿ ನೀರಾಗಿಯೇ ಇರುತ್ತದೆ, ಅಲ್ವಾ? ಹಾಗಾಗಿ ಅಲ್ಲಿ ಹೇಳಿದ ಅಳತೆಯಲ್ಲಿ ಬಾಮ್ ಮಾಡಿದರೆ ಏಪ್ರಿಲ್ ಸೆಕೆಗೆ ಡಬ್ಬಿ ತೆರೆದಾಗ ಎಣ್ಣೆ ಮೇಲೆ ನಿಂತಿರುತ್ತದೆ. ಬಾಯಮ್ಮನ ಅಳತೆ ಒಂದು ಪಾಲು ಜೇನುಮೇಣಕ್ಕೆ ನಾಲ್ಕು ಪಾಲು ಎಣ್ಣೆ. ಘಟ್ಟದ ಮೇಲಿನವರಾದರೆ ಐದು ಪಾಲು ಎಣ್ಣೆ ಹಾಕಬಹುದು ಅಂತಾರೆ. ಮೇಣ ಕರಗಲು 62 ಡಿಗ್ರಿ ದಾಟಬೇಕು, ಅದಕ್ಕೆ ನೇರ ಉರಿ ಬೇಡ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಆಯಿತು. ಸುಗಂಧದ ಎಣ್ಣೆ ಹಾಕುವುದು ಒಲೆಯಿಂದ ಇಳಿಸಿದ ಮೇಲೆ, ಅಂಚು ಮಬ್ಬಾಗಲು ಶುರುವಾದಾಗ. ಅದಕ್ಕಿಂತ ಮೊದಲೇ ಹಾಕಿದರೆ ಪರಿಮಳವೆಲ್ಲ ಆವಿಯಾಗಿ ಜಗಲಿಗೆ ಹೋಗುತ್ತದೆ, ಡಬ್ಬಿಗಲ್ಲ.

ಸ್ನಾನದ ಪುಡಿಯ ಪಾಠಕ್ಕೆ ಬೆಳಗ್ಗಿನ ಹೊತ್ತೆಲ್ಲ ಹೋಗುತ್ತದೆ, ಹೋಗಲೂ ಬೇಕು. ಅರ್ಧ ಕೆಜಿ ಹೆಸರುಕಾಳು, ಕಾಲು ಕೆಜಿ ಕಡಲೆಬೇಳೆ, ಲಾವಂಚ, ಕಚೋರ, ಭದ್ರಮುಷ್ಟಿ ತಲಾ 50 ಗ್ರಾಂ, ಒಣಗಿದ ಗುಲಾಬಿ ದಳ ಒಂದು ಹಿಡಿ, ಕಸ್ತೂರಿ ಅರಿಶಿನ 25 ಗ್ರಾಂ. ಪಟ್ಟಿ ಎಲ್ಲ ಕಡೆ ಸಿಗುತ್ತದೆ ಬಿಡಿ. ಸಿಗದಿರುವುದು ಕೆಲಸದ ಗುಟ್ಟು. ಲಾವಂಚದ ಬೇರನ್ನು ಹಾಗೇ ಮಿಕ್ಸಿಗೆ ಹಾಕಿದರೆ ಅದು ಬ್ಲೇಡಿಗೆ ಸುತ್ತಿಕೊಂಡು ಮೋಟರ್ ಬಿಸಿಯಾಗುತ್ತದೆ, ಪುಡಿ ಮಾತ್ರ ಆಗುವುದಿಲ್ಲ. ಬಾಯಮ್ಮ ಕತ್ತರಿ ಕೊಟ್ಟು ಕೂರಿಸಿದರು, ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಬೇಕು. ಒಂದು ಹಿಡಿ ಬೇರು ಕತ್ತರಿಸುವಷ್ಟರಲ್ಲಿ ಬೆರಳು ನೋಯುತ್ತದೆ, ಆದರೆ ಕೈಯೆಲ್ಲ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ. ಆಮೇಲೆ ಕಾಳಿನ ಜೊತೆ ಸೇರಿಸಿಯೇ ಪುಡಿ ಮಾಡಿ, ಜರಡಿಯಲ್ಲಿ ಅಲ್ಲ, ತೆಳು ಹತ್ತಿ ಬಟ್ಟೆಯಲ್ಲಿ ಸೋಸುವುದು. ಜರಡಿಯಲ್ಲಿ ಸೋಸಿದ ಪುಡಿಯಲ್ಲಿ ಕೂದಲಿನಷ್ಟು ಸಣ್ಣ ನಾರು ಉಳಿದಿರುತ್ತದೆ, ಮುಖಕ್ಕೆ ಉಜ್ಜಿದರೆ ಗೀರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಲ್ಲಿ ಉಜ್ಜಿ ನೋಡಿ ಅಂದರು. ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಕಸ್ತೂರಿ ಅರಿಶಿನದ ಬಗ್ಗೆಯೂ ಕಣ್ಣು ತೆರೆಸಿದರು. ಅಡುಗೆ ಅರಿಶಿನದ ಹಾಗೆ ಗಾಢ ಹಳದಿ ಇದ್ದರೆ ಅದು ಕಸ್ತೂರಿ ಅರಿಶಿನ ಅಲ್ಲ. ನಿಜವಾದದ್ದರ ಪುಡಿ ಕೆನೆ ಬಣ್ಣದ್ದು, ಮೂಗಿನ ಹತ್ತಿರ ತಂದರೆ ಕರ್ಪೂರದ ಛಾಯೆ ಇರುತ್ತದೆ, ಮುಖಕ್ಕೆ ಹಳದಿ ಕಲೆ ಬಿಡುವುದಿಲ್ಲ. ಆದಷ್ಟು ಗೆಡ್ಡೆಯನ್ನೇ ತನ್ನಿ, ಮುರಿದು ಒಳಗಿನ ಬಣ್ಣ ನೋಡಬಹುದು. ಮಂಗಳೂರಿನ ರಥಬೀದಿ ಸುತ್ತಮುತ್ತಲಿನ ಮದ್ದಿನ ಅಂಗಡಿಗಳಲ್ಲಿ ವಿಚಾರಿಸಿ ನೋಡಿ.

ಪುಡಿಗೆ ಇವರು ಸುರಗಿ ಹೂವನ್ನೂ ಸೇರಿಸುತ್ತಾರೆ. ಒಣಗಿದ ಮೇಲೂ ಪರಿಮಳ ಬಿಡದ ಹೂ ಅಂದರೆ ನಮ್ಮ ಕಡೆ ಸುರಗಿ ಮತ್ತು ರೆಂಜೆ (ಬಕುಳ). ನನ್ನ ಅಜ್ಜಿ ಒಣ ಸುರಗಿ ಮಾಲೆಯನ್ನು ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಆದರೆ ಅದನ್ನು ಪುಡಿಗೆ ಹಾಕಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊರಗಿನಿಂದ ಬರುವ ಲ್ಯಾವೆಂಡರ್‌ಗೆ ದುಡ್ಡು ಸುರಿಯುವ ನಾವು ನಮ್ಮದೇ ಗುಡ್ಡದ ಹೂವನ್ನು ಮರೆತುಬಿಟ್ಟಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ, ಹಾಗಾಗಿ ಯಾರಾದರೂ ಅದನ್ನು ಪಾಠದೊಳಗೆ ತಂದರೆ ಖುಷಿಯಾಗುತ್ತದೆ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ. ಚೆನ್ನಾಗಿತ್ತು.

ಮಧ್ಯಾಹ್ನ ಲಾವಂಚದ ನೀರು. ರಾತ್ರಿ ನೆನೆಸಿಟ್ಟ ಬೇರನ್ನು ದೊಡ್ಡ ಸ್ಟೀಲ್ ಪಾತ್ರೆಗೆ ಹಾಕಿ, ನಡುವೆ ಒಂದು ಬಟ್ಟಲು ಇಟ್ಟು, ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಅದರ ಮೇಲೆ ಐಸ್ ಹಾಕುವುದು. ಆವಿ ಮುಚ್ಚಳಕ್ಕೆ ತಾಗಿ ತಣ್ಣಗಾಗಿ ಹಿಡಿಯ ಜಾಗದಿಂದ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಇದಕ್ಕೆ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ಆದರೆ ನೀರು ಇರುವ ಯಾವ ಸಾಮಾನೂ ಪ್ರಿಸರ್ವೇಟಿವ್ ಇಲ್ಲದೆ ಬಾಳುವುದಿಲ್ಲ ಅನ್ನುವುದನ್ನು ಇವರು ಒತ್ತಿ ಒತ್ತಿ ಹೇಳಿದರು, ಅದಕ್ಕೆ ಅವರಿಗೆ ಪೂರ್ತಿ ಅಂಕ. ಬಾಟಲಿ ಕುದಿಸಿ ಒಣಗಿಸಿರಬೇಕು, ತುಂಬಿದ್ದು ಫ್ರಿಜ್ಜಿನಲ್ಲೇ ಇರಬೇಕು, ಎರಡು ವಾರದೊಳಗೆ ಮುಗಿಸಬೇಕು. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಕೆಡುವುದಿಲ್ಲ ಅಂತೇನಿಲ್ಲ. ಪುಡಿಗೂ ಹೀಗೇ ಎಚ್ಚರ ಬೇಕು, ನಮ್ಮ ಜೂನ್ ಜುಲೈ ಗಾಳಿಯಲ್ಲಿ ಬಿಸಿಲೇ ಇಲ್ಲದೆ ಅರ್ಧಂಬರ್ಧ ಒಣಗಿದ ಬೇರು ಪುಡಿ ಮಾಡಿದರೆ ಡಬ್ಬಿಯೊಳಗೆ ಬೂಸ್ಟು ಖಂಡಿತ. ವರ್ಷಕ್ಕೆ ಬೇಕಾದ ಪುಡಿಯನ್ನು ಜನವರಿಯಿಂದ ಮಾರ್ಚ್ ಒಳಗೆ ಮಾಡಿಟ್ಟುಕೊಳ್ಳಿ.

ಇನ್ನು ಮಲ್ಲಿಗೆ. ಕ್ಲಾಸಿನ ಜೀವ ಇದೇ. ನಮ್ಮ ಬ್ಯಾಚಿನಲ್ಲಿ ಒಬ್ಬಾಕೆ ಆನ್‌ಲೈನಿನಲ್ಲಿ ತರಿಸಿದ ಕಿಟ್ ತಂದಿದ್ದಳು, ಅದರಲ್ಲಿ ಒಂದು ಪುಟ್ಟ ಬಾಟಲಿ, ಮೇಲೆ ‘ಶುದ್ಧ ಜಾಸ್ಮಿನ್ ಆಯಿಲ್’ ಅಂತ ಬರೆದಿತ್ತು.

“ಬಾಯಮ್ಮ, ಇದನ್ನು ಎಣ್ಣೆಗೆ ಹಾಕಬಹುದಾ?”

“ಎಷ್ಟು ಕೊಟ್ಟೆ ಇದಕ್ಕೆ?”

“ಇನ್ನೂರು.”

“ಇನ್ನೂರಕ್ಕೆ ಮಲ್ಲಿಗೆ ಎಣ್ಣೆ ಎಲ್ಲಿಂದ ಬರ್ತದೆ ಮಾರಾಯ್ತಿ? ಮದುವೆ ಸೀಸನಿನಲ್ಲಿ ಅಟ್ಟೆಗೆ ಎಷ್ಟುಂಟು ಅಂತ ಗೊತ್ತುಂಟಾ ನಿಂಗೆ?”

ಅಷ್ಟೇ ಸಾಕಾಯಿತು. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ದರ ದಿನಾ ಬದಲಾಗುತ್ತದೆ. ಒಂದು ಕೆಜಿ ನಿಜವಾದ ಮಲ್ಲಿಗೆ ಸಾರಕ್ಕೆ ನೂರಾರು ಕೆಜಿ ಹೂವು ಬೇಕು. ಲೆಕ್ಕ ಹಾಕಿದರೆ ಆ ಬಾಟಲಿಯಲ್ಲಿ ಇರುವುದು ಫ್ಯಾಕ್ಟರಿಯಲ್ಲಿ ತಯಾರಾದ ಸೆಂಟು ಅಂತ ಯಾರಿಗಾದರೂ ಅರ್ಥವಾಗುತ್ತದೆ. ಸೆಂಟು ಹಾಕಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ, ಆದರೆ ಮೇಲೆ ಶುದ್ಧ ಅಂತ ಬರೆದು ಮಾರುವುದು ಮೋಸ. ಗಂಧದ ಎಣ್ಣೆಯದ್ದೂ ಇದೇ ಕತೆ. ಬೇಕೇ ಬೇಕು ಅಂದರೆ ಮೈಸೂರು ಅರಸರ ಕಾಲದಲ್ಲಿ ಗಂಧದೆಣ್ಣೆ ತೆಗೆಯಲು ಶುರುಮಾಡಿದ ಸರ್ಕಾರಿ ಕಾರ್ಖಾನೆಯ ಪರಂಪರೆಯ ಕೆಎಸ್‌ಡಿಎಲ್ (ಮೈಸೂರ್ ಸ್ಯಾಂಡಲ್ ಸೋಪಿನ ಕಂಪನಿ) ಎಣ್ಣೆ ತನ್ನಿ, ದುಬಾರಿ, ಆದರೆ ಹನಿ ಹನಿಗೂ ಬೆಲೆ ಇದೆ.

ಬಾಯಮ್ಮ ಮಲ್ಲಿಗೆಯನ್ನು ಬಿಸಿ ಮಾಡುವುದೇ ಇಲ್ಲ. ಕಾಯಿಸಿದರೆ ಅದರ ಪರಿಮಳ ಕೆಡುತ್ತದೆ, ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಕೊಯ್ದ ಮೇಲೂ ಮಲ್ಲಿಗೆ ಪರಿಮಳ ಬಿಡುತ್ತಲೇ ಇರುತ್ತದೆ, ಹಾಗಾಗಿ ಅದನ್ನು ಹೀರಿಕೊಳ್ಳುವ ಗಟ್ಟಿ ಕೊಬ್ಬಿನ ಮೇಲೆ ಹೂ ಇಟ್ಟರೆ ಆಯಿತು. ಆದರೆ ನಮ್ಮ ಸೆಕೆಗೆ ತೆಂಗಿನೆಣ್ಣೆ ಗಟ್ಟಿ ನಿಲ್ಲುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಅದಕ್ಕೆ ಇವರು ಪುನರ್ಪುಳಿ ಬೀಜದ ತುಪ್ಪ ಸೇರಿಸುತ್ತಾರೆ, ಅದೇ, ಕಾಲಿನ ಹಿಮ್ಮಡಿ ಒಡೆದರೆ ಹಚ್ಚುವ ಮುರುಗಲ ತುಪ್ಪ. ಅದು ಕರಗಲು ಸುಮಾರು 40 ಡಿಗ್ರಿ ಬೇಕು, ಅದಕ್ಕೆ ತನ್ನದೇ ವಾಸನೆಯೂ ಅಷ್ಟಾಗಿ ಇಲ್ಲ. ಒಂದು ಪಾಲು ತುಪ್ಪ, ಎರಡು ಪಾಲು ತೆಂಗಿನೆಣ್ಣೆ ಕರಗಿಸಿ ಗಾಜಿನ ತಟ್ಟೆಗೆ ಹೊಯ್ದು, ಗಟ್ಟಿಯಾದ ಮೇಲೆ ಬಿಡಿ ಮೊಗ್ಗುಗಳನ್ನು ತಲೆ ಕೆಳಗಾಗಿ ಒತ್ತಿಡುವುದು. ಕಟ್ಟಿದ ಹೂ ಬೇಡ, ಬಾಳೆನಾರಿನ ಪಸೆ ಇರುತ್ತದೆ. ನೀರು ತಾಗಿದ ಒಂದು ಮೊಗ್ಗು ಇದ್ದರೂ ಇಡೀ ತಟ್ಟೆ ಕಮಟು. ಮರುದಿನ ಹಳೇ ಹೂ ತೆಗೆದು ಹೊಸತು ಇಡಬೇಕು, ಹೀಗೆ ಒಂದು ವಾರ ಮಾಡಿದರೆ ಕಿವಿಯ ಹಿಂದೆ ಹಚ್ಚುವಂಥ ಮಲ್ಲಿಗೆ ಬಾಮ್ ಸಿದ್ಧ. ಪರಿಮಳ ಮೆಲುವಾಗಿರುತ್ತದೆ, ಸೆಂಟಿನ ಹಾಗೆ ಕೋಣೆ ತುಂಬುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ.

ಈಗ ಕೊರತೆಗಳು. ದೊಡ್ಡದು ಅಂದರೆ ಸಮಯ. ಉಡುಪಿ ಮಲ್ಲಿಗೆ ಅರಳುವುದು ಕತ್ತಲಾದ ಮೇಲೆ, ಕ್ಲಾಸು ಮುಗಿಯುವುದು ಐದಕ್ಕೆ. ತಟ್ಟೆ ಕೈಗೆ ಕೊಟ್ಟು ಕಳುಹಿಸುತ್ತಾರೆ, ಮಂಗಳೂರಿಗೆ ಹೋಗುವವರು ಅದನ್ನು ರಶ್ ಬಸ್ಸಿನಲ್ಲಿ ಅಲುಗಾಡದ ಹಾಗೆ ಹಿಡಿದುಕೊಂಡು ಹೋಗಬೇಕು. ಹೂ ಅರಳುವ ಹೊತ್ತಿಗೆ ಕಲಿಸುವವರು ಪಕ್ಕದಲ್ಲಿ ಇರಬೇಕಿತ್ತು. ಎರಡನೆಯದು ಕೈಗೆ ಕೊಡುವ ಜೆರಾಕ್ಸ್ ಹಾಳೆ. ಅದರಲ್ಲಿ ಗ್ರಾಂ ಇಲ್ಲ, ‘ಸ್ವಲ್ಪ’, ‘ಒಂದು ಹಿಡಿ’ ಅಂತಲೇ ಇದೆ. ಮೇಲೆ ನಾನು ಬರೆದ ಅಳತೆಗಳೆಲ್ಲ ಬಾಯಲ್ಲಿ ಹೇಳಿದ್ದನ್ನು ಗೀಚಿಕೊಂಡದ್ದು. ಮೂರನೆಯದು ಸ್ವಲ್ಪ ಗಂಭೀರ, ಎಸೆನ್ಶಿಯಲ್ ಆಯಿಲ್, ಅಂದರೆ ಸುಗಂಧದ ಎಣ್ಣೆ, ಎಷ್ಟು ಹಾಕಬೇಕು ಅನ್ನುವುದನ್ನು ಬೇಗ ಬೇಗ ಮುಗಿಸಿಬಿಟ್ಟರು. 100 ಎಂಎಲ್ ಎಣ್ಣೆಗೆ 1 ಎಂಎಲ್, ಅಂದರೆ ಸುಮಾರು 20 ಹನಿ, ಶುರು ಮಾಡುವವರಿಗೆ ಅಷ್ಟೇ ಸಾಕು. ದಾಲ್ಚಿನ್ನಿ, ಲವಂಗದ ಎಣ್ಣೆ ಚರ್ಮಕ್ಕೆ ಉರಿ, ಅವನ್ನು ಇನ್ನೂ ಕಡಿಮೆ ಹಾಕಬೇಕು. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗಬಹುದು. ಕರ್ಪೂರವನ್ನು ಎಳೆ ಮಕ್ಕಳಿಗೆ ಹಚ್ಚಲೇಬಾರದು. ಏನು ಮಾಡಿದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಇದಕ್ಕೆಲ್ಲ ಕನಿಷ್ಠ ಅರ್ಧ ಗಂಟೆ ಕೊಡಬೇಕಿತ್ತು.

ಹೋಗುವವರು ಒಂದು ಸಣ್ಣ ಡಿಜಿಟಲ್ ತಕ್ಕಡಿ, ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗಳು ಮತ್ತು ತೆಳು ಹತ್ತಿ ಬಟ್ಟೆ ತೆಗೆದುಕೊಂಡು ಹೋಗಿ, ಅಲ್ಲಿ ಇರುವುದು ಎಲ್ಲರಿಗೂ ಸಾಲುವುದಿಲ್ಲ. ಮಳೆಗಾಲದ ಬ್ಯಾಚ್ ಬೇಡ, ಹೂವೂ ಕಮ್ಮಿ, ಬಿಸಿಲೂ ಇಲ್ಲ. ದಮ್ಮು ಇರುವವರು, ಬಸುರಿಯರು ಮೊದಲೇ ತಿಳಿಸಿ. ಮನೆ ಗೊತ್ತಾಗದಿದ್ದರೆ ಶಂಕರಪುರದ ಮಲ್ಲಿಗೆ ಕಟ್ಟೆಯಲ್ಲಿ (ಹೂವಿನ ಮಾರುಕಟ್ಟೆ) ಕೇಳಿ, ತೋರಿಸುತ್ತಾರೆ. ಸಂಜೆ ಬ್ಯಾಚ್ ಮಾಡಿ ಅಂತ ನಾನು ಕೇಳಿದ್ದೇನೆ. ಹತ್ತು ಜನ ಸೇರಿದರೆ ರಾತ್ರಿ ಎಂಟರವರೆಗೂ ಕಲಿಸುತ್ತೇನೆ ಅಂದಿದ್ದಾರೆ, ಹಾಗಾಗಿ ನೀವೂ ಹೋದಾಗ ಅದನ್ನೇ ಕೇಳಿ.