ಸೈಲೆನ್ಸರ್ ಟ್ರಸ್ಟ್‌ಗೆ ಗೆಳೆಯನ ಹೆಸರು ಸೇರಿಸುವ ಮುಂಚೆ ಇದನ್ನೊಮ್ಮೆ ಓದಿ

ಸೈಲೆನ್ಸರ್ ಅಂದರೆ ಇಲ್ಲಿ ಬೈಕಿನದಲ್ಲ, ಕೋವಿಯ ನಳಿಗೆಯ ತುದಿಗೆ ಹಾಕಿ ಸದ್ದು ತಗ್ಗಿಸುವ ಕೊಳವೆ. 2026ರ ಜನವರಿ 1ರಿಂದ ಅಮೆರಿಕದಲ್ಲಿ ಅದರ ಮೇಲಿದ್ದ 200 ಡಾಲರ್ ತೆರಿಗೆ ಸೊನ್ನೆಯಾಗಿದೆ. ಆಗಿನಿಂದ ಇಲ್ಲಿ ಟೆಕ್ಸಾಸ್‌ನಲ್ಲಿರುವ ನಮ್ಮ ಕನ್ನಡದವರು ಒಬ್ಬರಾದ ಮೇಲೊಬ್ಬರು ಫೋನ್ ಮಾಡುತ್ತಿದ್ದಾರೆ. "ಟ್ರಸ್ಟ್ ಮಾಡಿಸಿ ತಗೊಂಡ್ರೆ ಒಳ್ಳೇದಂತೆ, ಹೆಂಡ್ತಿ, ತಮ್ಮ, ಫ್ರೆಂಡು ಎಲ್ಲರ ಹೆಸ್ರೂ ಹಾಕ್ಬಹುದಂತೆ, ಹೌದಾ?" ಹಾಕಬಹುದು. ಟ್ರಸ್ಟ್ ಅಂದರೆ ಸಾಮಾನಿನ ಒಡೆತನವನ್ನು ಒಬ್ಬರ ಬದಲು ಹಲವರ (ಟ್ರಸ್ಟಿಗಳ) ಕೈಗೆ ಕೊಡುವ ಕಾನೂನು ಪತ್ರ. ಅದರಲ್ಲಿ ಹಾಗೆ ಹೆಸರು ಹಾಕಿಯೇ ನಾನು ಒಂದು ವರ್ಷ ಒದ್ದಾಡಿದ್ದು.

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಕೈಮುಗಿದು ಬೆಳೆದವನು. ಊರಲ್ಲಿ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆ ಸಲುಗೆಯಲ್ಲೇ ಇಲ್ಲಿನ ಕಾಗದಪತ್ರವನ್ನೂ ಹಗುರವಾಗಿ ತೆಗೆದುಕೊಂಡೆ ಅಂತ ಕಾಣುತ್ತದೆ.

2023ರಲ್ಲಿ ಕಾಡುಹಂದಿ ಬೇಟೆಗೆ ಹೋಗಿ ಬಂದರೆ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು. ಸೈಲೆನ್ಸರ್ ಹಾಕಿದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಸದ್ದೇ ಇಲ್ಲದಂತೆ ಏನೂ ಆಗುವುದಿಲ್ಲ. ಆದರೂ ಕಿವಿಗೆ ಎಷ್ಟೋ ವಾಸಿ. ಇಲ್ಲಿ ಅದು ಕೈಗೆ ಸಿಗಬೇಕಾದರೆ ಸರ್ಕಾರಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕೋವಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಟ್ರಸ್ಟ್ ಮಾಡಿಸು ಎಂದ. ಅದು ಸರಿಯಾದ ಸಲಹೆಯೇ. ನನ್ನೊಬ್ಬನ ಹೆಸರಲ್ಲಿ ತೆಗೆದುಕೊಂಡರೆ, ನಾನು ಊರಲ್ಲಿಲ್ಲದಾಗ ಅದು ಹೆಂಡತಿಯ ಕೈಯಲ್ಲಿದ್ದರೂ ತಪ್ಪು. ಟ್ರಸ್ಟ್‌ನಲ್ಲಿ ಇಬ್ಬರೂ ಟ್ರಸ್ಟಿಗಳಾದರೆ ಆ ತಲೆನೋವಿಲ್ಲ.

ಅಂಗಡಿಯವರೇ ಮಾರುವ ರೆಡಿಮೇಡ್ ಟ್ರಸ್ಟ್ ಪತ್ರ ತೆಗೆದುಕೊಂಡೆ. ನನ್ನದು, ಹೆಂಡತಿಯದು, ಜೊತೆಗೆ ಬೇಟೆಗೆ ಬರುವ ಗೆಳೆಯನದು, ಮೂರು ಹೆಸರು ಬರೆದೆವು. ಗೆಳೆಯ ಎಚ್1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದ. ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಬೆರಳಚ್ಚು ನಿಂದೊಂದೇ ಸಾಕು, ಟ್ರಸ್ಟ್ ಅಂದ್ರೆ ಅದೇ ಲಾಭ" ಎಂದ.

ಅವನು ಹೇಳಿದ್ದು ಹಳೇ ಕಾಲದ ಮಾತು. 2016ರ ಜುಲೈ 13ಕ್ಕೆ ಮುಂಚೆ ಟ್ರಸ್ಟ್ ಮೂಲಕ ಹೋದರೆ ಫೋಟೊ ಬೇಡ, ಬೆರಳಚ್ಚೂ ಬೇಡ. ಆ ದಿನ 41ಎಫ್ ಅನ್ನುವ ನಿಯಮ ಜಾರಿಯಾಯಿತು. ಅರ್ಜಿ ಹಾಕುವ ಹೊತ್ತಿಗೆ ಯಾರೆಲ್ಲ ಟ್ರಸ್ಟಿಗಳೋ ಅಷ್ಟೂ ಜನ ಫೋಟೊ, ಬೆರಳಚ್ಚಿನ ಕಾರ್ಡ್, ತಮ್ಮ ವಿವರ ತುಂಬಿದ ಫಾರ್ಮ್ 23 ಕೊಡಬೇಕು. ಅದರ ಪ್ರತಿ ಊರಿನ ಪೊಲೀಸ್ ಮುಖ್ಯಸ್ಥರಿಗೂ ಹೋಗಬೇಕು. ನಾವು ಕಳಿಸಿದ್ದು ನನ್ನದು ಮಾತ್ರ. ಪತ್ರದಲ್ಲಿ ಮೂವರು, ಬೆರಳಚ್ಚು ಒಬ್ಬನದು.

ಏಳು ತಿಂಗಳು ಕಾಯಿಸಿ ಅರ್ಜಿ ತಿರಸ್ಕಾರ ಮಾಡಿದರು. ಸೈಲೆನ್ಸರ್ ಅಂಗಡಿಯ ಕಪಾಟಿನಲ್ಲೇ ಇತ್ತು. ಬೇಡ, ದುಡ್ಡು ವಾಪಸ್ ಕೊಡಿ ಎಂದರೆ ಬೆಲೆಯಲ್ಲಿ ನೂರಕ್ಕೆ 20 ಹಿಡಿದುಕೊಳ್ಳುತ್ತೇವೆ ಎಂದರು. ರಸೀದಿಯ ಹಿಂದೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಅದು ಬರೆದೂ ಇತ್ತು! ತೆರಿಗೆಯ 200 ಡಾಲರ್ ಸರ್ಕಾರದಿಂದ ವಾಪಸ್ ಬರುತ್ತದೆ ನಿಜ. ಆದರೆ ಅದು ಬರುವ ಮೊದಲೇ ಹೊಸ ಅರ್ಜಿಗೆ ಇನ್ನೊಂದು 200 ಕಟ್ಟಿದೆ.

ದುಡ್ಡು ಹೋದರೆ ಹೋಗಲಿ. ನಾನು ಬೆವತಿದ್ದು ವಕೀಲರ ಮುಂದೆ ಕೂತಾಗ. ಎಚ್1ಬಿ ಅಥವಾ ವಿದ್ಯಾರ್ಥಿಗಳ ಎಫ್1ನಂಥ ವೀಸಾದಲ್ಲಿರುವವರು ಕೋವಿ, ತೋಟೆ ಇಟ್ಟುಕೊಳ್ಳುವುದೇ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ. ಈ ಕಾನೂನಿನ ಲೆಕ್ಕದಲ್ಲಿ ಸೈಲೆನ್ಸರ್ ಕೂಡ ಒಂದು ಕೋವಿಯೇ. ಗೆಳೆಯನ ಬೇಟೆ ಲೈಸೆನ್ಸ್‌ನ ಅವಧಿ ಆಗಲೇ ಮುಗಿದಿತ್ತು. ಅರ್ಜಿ ಪಾಸಾಗಿ, ಅವನ ಕೈಗೆ ನನ್ನ ಬೀರುವಿನ ಕೀ ಸಿಕ್ಕಿದ್ದಿದ್ದರೆ? ಜೈಲು ಒಂದು ಕಡೆ, ಅವನ ವೀಸಾ ಇನ್ನೊಂದು ಕಡೆ. ತಿರಸ್ಕಾರವಾಗಿದ್ದೇ ಪುಣ್ಯ ಅನ್ನಿಸಿತು.

ನೋಟರಿ ಮುಂದೆ ತಿದ್ದುಪಡಿ ಮಾಡಿಸಿ ಅವನ ಹೆಸರು ತೆಗೆಸಿದೆ. ಆಮೇಲೆ ಶುರುವಾಯಿತು ನಮ್ಮ ಮನೆಹೆಸರಿನ ಪುರಾಣ. ಕೊಡವರಲ್ಲಿ ಮನೆಹೆಸರು ಮುಂದೆ ಬರುತ್ತದೆ, ಅಮೆರಿಕದವರಿಗೆ ಅದು ಕೊನೆಗೆ ಬರಬೇಕು. ನನ್ನ ಗ್ರೀನ್ ಕಾರ್ಡ್‌ನಲ್ಲಿ ಒಂದು ಥರ, ಟ್ರಸ್ಟ್ ಪತ್ರದಲ್ಲಿ ಇನ್ನೊಂದು ಥರ. ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ತವರಿನ ಮನೆಹೆಸರು, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ನಮ್ಮದು. ಎಲ್ಲವನ್ನೂ ಅಕ್ಷರ ಅಕ್ಷರ ತಾಳೆ ಹಾಕಿ ಪತ್ರವನ್ನು ಮತ್ತೆ ಬರೆಸಬೇಕಾಯಿತು. ಬೆರಳಚ್ಚಿನ ದಿನ ಅವಳ ಬೆರಳಿನ ಗೆರೆಯೇ ಕಾರ್ಡ್ ಮೇಲೆ ಮೂಡಲಿಲ್ಲ. ಮೂರು ಸಲ ಒರೆಸಿ, ಕ್ರೀಮ್ ಹಚ್ಚಿ, ಮತ್ತೆ ಮಸಿ ಒತ್ತಿದರು. ಕಪ್ಪು ಕೈಯಲ್ಲೇ ನನ್ನ ಕಡೆ ತಿರುಗಿ "ಕಿವಿಗೆ ಹತ್ತಿ ಇಟ್ಕೊಂಡ್ರೆ ಆಗ್ತಿರ್ಲಿಲ್ವಾ?" ಎಂದಳು.

ಈ ಸಲ ಒಂದೇ ತಿಂಗಳಲ್ಲಿ ಪಾಸಾಯಿತು.

ಈಗ ತೆರಿಗೆ ಹೋಗಿದೆ, ಅಷ್ಟೇ. ನೋಂದಣಿ, ಫೋಟೊ, ಬೆರಳಚ್ಚು ಎಲ್ಲ ಹಾಗೇ ಇವೆ. ಅರ್ಜಿ ಹಾಕುವಾಗ ಪತ್ರದಲ್ಲಿ ಎಷ್ಟು ಕಡಿಮೆ ಹೆಸರಿರುತ್ತದೋ ಅಷ್ಟು ಒಳ್ಳೆಯದು. ಪಾಸಾದ ಮೇಲೆ ಅರ್ಹರಾದವರನ್ನು ಸೇರಿಸಿಕೊಳ್ಳಬಹುದು, ಅದಕ್ಕೆ ಮತ್ತೆ ಅರ್ಜಿ ಬೇಕಿಲ್ಲ. ಕ್ಯಾಲಿಫೋರ್ನಿಯಾದ ಕಡೆ ಕೆಲಸ ಹುಡುಕುತ್ತಿರುವವರು ಕೊಳ್ಳಲೇಬೇಡಿ, ಅಲ್ಲಿ ಸೈಲೆನ್ಸರ್ ಇಟ್ಟುಕೊಳ್ಳುವಂತೆಯೇ ಇಲ್ಲ.

ಹೋದ ತಿಂಗಳು ಆ ಗೆಳೆಯನಿಗೆ ಗ್ರೀನ್ ಕಾರ್ಡ್ ಬಂತು. ಸ್ವೀಟ್ ಡಬ್ಬ ಹಿಡಿದು ಬಂದವನೇ "ಈಗಾದ್ರೂ ನನ್ ಹೆಸ್ರು ಹಾಕ್ತೀಯಾ?" ಎಂದ. ನೋಟರಿ ಶನಿವಾರ ತೆರೆದಿರುತ್ತದೆ, ಹೋಗೋಣ ಎಂದೆ. ಮೊದಲು ಕಾರ್ಡ್ ಕೊಡು, ಅದರಲ್ಲಿ ನಿನ್ನ ಹೆಸರು ಹೇಗೆ ಬರೆದಿದ್ದಾರೆ ನೋಡೋಣ.