ಎಂಟು ಮಳೆಗಾಲ ಕಂಡ ಮೂರು ಬಗೆಯ ನೆಲ: ಸಾಗರದ ಮನೆಯೊಂದರ ಅನುಭವ

ಸಾಗರದ ಸಮೀಪದಲ್ಲಿರುವ ನಮ್ಮ ಮನೆಯ ನೆಲದ ಕೆಲಸ ಮುಗಿದದ್ದು 2017ರ ಬೇಸಿಗೆಯಲ್ಲಿ. ನಡುಮನೆಗೂ ಎರಡು ಮಲಗುವ ಕೋಣೆಗಳಿಗೂ ರೆಡ್ ಆಕ್ಸೈಡ್, ಅಡುಗೆಮನೆಗೂ ಊಟದ ಜಾಗಕ್ಕೂ ಶಹಾಬಾದ್ ಕಲ್ಲು, ಜಗುಲಿಗೆ ಮಂಗಳೂರು ಕಡೆಯ ಸುಟ್ಟ ಮಣ್ಣಿನ ಟೈಲ್ಸ್ ಹಾಕಿಸಿದೆವು. ಮೂರೂ ಒಂದೇ ಸೂರಿನಡಿ ಎಂಟು ಮಳೆಗಾಲಗಳನ್ನು ಕಂಡಿರುವುದರಿಂದ, ಯಾವುದು ಮಲೆನಾಡಿನ ತೇವಕ್ಕೆ ಹೇಗೆ ಒಗ್ಗಿತು ಎಂಬುದನ್ನು ಈಗ ಸ್ವಲ್ಪ ಧೈರ್ಯದಿಂದಲೇ ಹೇಳಬಹುದು.

ಪರಿಸರಕ್ಕೆ ಆದಷ್ಟು ಕಡಿಮೆ ಹೊರೆಯಾಗುವ ನೆಲ ನಮಗೆ ಬೇಕಿತ್ತು. ಆಗ ಎಲ್ಲರೂ ಕೊಟ್ಟ ಸಲಹೆ ವಿಟ್ರಿಫೈಡ್ ಟೈಲ್ಸ್. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು, ಗುಜರಾತಿನ ಮೋರ್ಬಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಲಾರಿಯಲ್ಲಿ ಬರುವ ಆ ಬಿಲ್ಲೆಗಳ ಬಗ್ಗೆ ನಮಗೆ ಮನಸ್ಸಾಗಲಿಲ್ಲ. ಅಂಗಡಿಯೊಂದರಲ್ಲಿ ಬಿದಿರಿನ ಹಲಗೆಯನ್ನೂ ತೋರಿಸಿದರು. ಹಿತ್ತಿಲಿನಲ್ಲಿ ಬಿದಿರುಮೆಳೆ ಇಟ್ಟುಕೊಂಡು ಚೀನಾದಿಂದ ಬಂದ, ಅಂಟು ಹಾಕಿ ಒತ್ತಿದ ಬಿದಿರನ್ನು ಕೊಳ್ಳುವುದು ವಿಚಿತ್ರವೆನಿಸಿತು. ಅದೂ ಅಲ್ಲದೆ ನಮ್ಮ ಜುಲೈ ತಿಂಗಳ ತೇವಕ್ಕೆ ಅದು ಉಬ್ಬದೆ ಉಳಿದೀತೆಂಬ ನಂಬಿಕೆ ನಮಗಿರಲಿಲ್ಲ.

ರೆಡ್ ಆಕ್ಸೈಡ್ ನೆಲವನ್ನು ಪರಿಸರಸ್ನೇಹಿ ಎಂದು ಹೊಗಳುವವರು ಒಂದು ವಿಷಯವನ್ನು ಮರೆಮಾಚುತ್ತಾರೆ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದಾದರೂ, ನೆಲವನ್ನು ಹಿಡಿದು ನಿಲ್ಲಿಸುವುದು ಸಿಮೆಂಟು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡಾ 7ರಿಂದ 8ರಷ್ಟು ಪಾಲು ಸಿಮೆಂಟ್ ಉದ್ಯಮದ್ದೇ. ಆದರೂ ಅದನ್ನು ಆರಿಸಿಕೊಂಡದ್ದಕ್ಕೆ ಕಾರಣ, ಕಾಂಕ್ರೀಟಿನ ಬೆಡ್ ಯಾವ ನೆಲಕ್ಕಾದರೂ ಬೇಕೇ ಬೇಕು, ಇಲ್ಲಿ ಅದರ ಮೇಲೆ ಇನ್ನೊಂದು ಕಾರ್ಖಾನೆಯ ವಸ್ತು ಬರುವುದಿಲ್ಲ ಎಂಬ ಲೆಕ್ಕಾಚಾರ. ನಮ್ಮ ಮೇಸ್ತ್ರಿ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡ್ ಬೆರೆಸಿ, ಕೆಳಗಿನ ಗಾರೆ ಇನ್ನೂ ಹಸಿಯಾಗಿರುವಾಗಲೇ ಮೇಲ್ಪದರ ಎಳೆದು, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಹಲಗೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕರಣೆಯಿಂದ ಉಜ್ಜಿದರು. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು. ಮರುದಿನಕ್ಕೆ ಉಳಿಸಿದರೆ ಬಣ್ಣದಲ್ಲಿ ಗಡಿ ಕಾಣುತ್ತದೆ. ಆಮೇಲೆ ಏಳು ದಿನ ನೀರು ಕಟ್ಟಿ ನಿಲ್ಲಿಸಿದೆವು. ಸಾಮಗ್ರಿಗಿಂತ ಕೂಲಿಯೇ ಹೆಚ್ಚಾಯಿತು, ಅದು ನ್ಯಾಯವೂ ಹೌದು.

ತಪ್ಪು ಮಾಡಿದ್ದು ನಡುಮನೆಯಲ್ಲಿ. ಕೋಣೆಗಳಲ್ಲಿ ನಾಲ್ಕು ಅಡಿಗೊಂದರಂತೆ ಗಾಜಿನ ಪಟ್ಟಿ ಕೂರಿಸಿ ಚೌಕ ಮಾಡಿದ್ದೆವು. ನಡುಮನೆ ಮಾತ್ರ ಒಂದೇ ಹಾಸಿನಂತೆ ಕಾಣಲಿ ಎಂದು ನಾನೇ ಹಟ ಹಿಡಿದು ಪಟ್ಟಿ ಬೇಡವೆಂದೆ. ಸಿಮೆಂಟು ಒಣಗುತ್ತಾ ಕುಗ್ಗುತ್ತದೆ, ಕುಗ್ಗುವಾಗ ಅದಕ್ಕೊಂದು ದಾರಿ ಬೇಕು ಎಂದು ಮೇಸ್ತ್ರಿ ಹೇಳಿದ್ದರು. ಆ ದಾರಿಯನ್ನು ಮೂರನೆಯ ಬೇಸಿಗೆಯಲ್ಲಿ ಅದು ತಾನೇ ಮಾಡಿಕೊಂಡಿತು: ಕಂಬದ ಮೂಲೆಯಿಂದ ದೇವರ ಮನೆಯ ಹೊಸ್ತಿಲವರೆಗೆ ಕೂದಲೆಳೆಯ ಬಿರುಕು. ಅದೇ ಡಬ್ಬಿಯ ಆಕ್ಸೈಡನ್ನೇ ಕಲಸಿ ತುಂಬಿಸಿದರೂ ತೇಪೆ ಒಂದು ಛಾಯೆ ಕಪ್ಪಾಗಿ ಎದ್ದು ಕಾಣುತ್ತದೆ. ಪಟ್ಟಿ ಹಾಕಿದ ಕೋಣೆಗಳಲ್ಲಿ ಇಂದಿಗೂ ಒಂದು ಗೆರೆಯಿಲ್ಲ.

ಹೊಳಪಿನ ಬಗ್ಗೆ ದೂರಿಲ್ಲ. ಮೊದಲ ಆರು ತಿಂಗಳು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿದೆವು. ಎಣ್ಣೆ ತುಸು ಹೆಚ್ಚಾದ ದಿನ ಅಮ್ಮ ಜಾರಿ ಗೋಡೆ ಹಿಡಿದದ್ದೂ ಉಂಟು, "ನೆಲಕ್ಕೆ ಅಭ್ಯಂಜನ ಸಾಕು ಮಾಡು" ಎಂದು ಬೈದದ್ದೂ ಉಂಟು. ಈಗ ಬರೀ ನೀರಿನಲ್ಲಿ ಒರೆಸಿದರೆ ಸಾಕು; ಓಡಾಡುವ ಜಾಗವೇ ಹೆಚ್ಚು ಹೊಳೆಯುತ್ತದೆ. ಜೂನ್ ಮೊದಲ ವಾರಗಳಲ್ಲಿ ಮಾತ್ರ ಈ ನೆಲ ಬೆವರುತ್ತದೆ. ಹೊರಗಿನ ತೇವದ ಗಾಳಿ ತಣ್ಣನೆಯ ನುಣುಪು ಮೈಗೆ ತಾಗಿ ಹನಿಗಟ್ಟುವ ಹೊತ್ತಿಗೆ ಕಿಟಕಿ ಮುಚ್ಚುವುದೊಂದೇ ಉಪಾಯ.

ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಅಲ್ಲಿ ಅದು ಪದರ ಪದರವಾಗಿಯೇ ಇರುವುದರಿಂದ ಸೀಳಿ, ಅಂಚು ಕತ್ತರಿಸಿದರೆ ಹಾಸುಗಲ್ಲು ಸಿದ್ಧ. ಯಾವ ಭಟ್ಟಿಯ ಬೆಂಕಿಯೂ ಬೇಡ. ನಮ್ಮಲ್ಲಿಗೆ ಬರಲು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು, ಗಣಿಯಲ್ಲಿ ಚೂರು ಕಲ್ಲಿನ ರಾಶಿಯೂ ಉಳಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಪಾಲಿಶ್ ಮಾಡದ, ಒರಟು ಮೈಯ ಎರಡಡಿ ಚೌಕದ ಕಲ್ಲನ್ನೇ ತರಿಸಿದ್ದರಿಂದ ಒದ್ದೆ ಕಾಲಿಗೂ ಜಾರುವುದಿಲ್ಲ. ಇದರ ವೈರಿ ಹುಳಿ. ಮೊದಲ ವರ್ಷ ಮುರುಗಲು ಹಣ್ಣಿನ ರಸ ಒಲೆಯ ಬಳಿ ಚೆಲ್ಲಿದ್ದನ್ನು ರಾತ್ರಿ ಯಾರೂ ನೋಡಲಿಲ್ಲ. ಬೆಳಿಗ್ಗೆ ಒರೆಸಿದಾಗ ಕೆಂಪು ಹೋಯಿತು, ಆದರೆ ತಟ್ಟೆಯಗಲದ ಬಿಳಿಚು ಗುರುತು ಉಳಿಯಿತು. ನೀರು ಹಾಕಿ ಸಾಣೆಕಲ್ಲಿನಲ್ಲಿ ಉಜ್ಜಿದ ಮೇಲೆ ಮುಕ್ಕಾಲು ಪಾಲು ಮಾಸಿತು. ಶೌಚಾಲಯ ತೊಳೆಯುವ ಆ್ಯಸಿಡ್ ಬಿದ್ದರೆ ಈ ಕಲ್ಲು ನೊರೆಗಟ್ಟುತ್ತದೆ. ಹಾಗಾಗಿ ಬಚ್ಚಲಿಗೂ ಶೌಚಾಲಯಕ್ಕೂ ಇದು ಬೇಡ. ನಾವು ಅಲ್ಲಿ ಸಾಧಾರಣ ಸೆರಾಮಿಕ್ ಟೈಲ್ಸ್‌ಗೇ ಶರಣಾದೆವು.

ಆದರೆ 2021ರಲ್ಲಿ ಅಡುಗೆಮನೆಯ ನೆಲದಡಿಯ ಪೈಪು ಸೋರಿದಾಗ ಈ ಕಲ್ಲಿನ ನಿಜವಾದ ಬೆಲೆ ತಿಳಿಯಿತು. ಸಂದಿನ ಸಿಮೆಂಟು ಕೆರೆದು, ಹಾರೆಯಿಂದ ಮೀಟಿ ಎರಡು ಕಲ್ಲುಗಳನ್ನು ಇಡಿಯಾಗಿ ಎಬ್ಬಿಸಿದರು. ಪೈಪು ಬದಲಿಸಿ ಸಂಜೆಗೆ ಅವೇ ಕಲ್ಲುಗಳನ್ನು ಅದೇ ಜಾಗದಲ್ಲಿ ಕೂರಿಸಿದರು. ಎಬ್ಬಿಸಿದ್ದು ಯಾವ ಕಲ್ಲು ಎಂದು ಇಂದು ಕೇಳಿದರೆ ನನಗೂ ಹೇಳಲಾಗದು. ನಡುಮನೆಯಲ್ಲಿ ಸೋರಿದ್ದರೆ ಇಡೀ ನೆಲವನ್ನೇ ಒಡೆದು ಹೊಸದಾಗಿ ಎಳೆಸಬೇಕಾಗುತ್ತಿತ್ತು. ಪರಿಸರದ ಲೆಕ್ಕವನ್ನು ನಾವು ಕೊಳ್ಳುವ ದಿನ ಮಾತ್ರ ಹಾಕುತ್ತೇವೆ, ಒಡೆಯುವ ದಿನದ ಲೆಕ್ಕ ಹಾಕುವುದೇ ಇಲ್ಲ.

ಮಂಗಳೂರಿನ ಮಣ್ಣಿನ ಕೆಲಸಕ್ಕೆ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಆರಂಭಿಸಿದ ಹೆಂಚಿನ ಕಾರ್ಖಾನೆಯಷ್ಟು ಹಳೆಯ ಹೆಸರಿದೆ, ನಮಗದು ಅತಿ ಹತ್ತಿರದ ಸಾಮಗ್ರಿಯೂ ಹೌದು. ಬೇಸಿಗೆಯಲ್ಲಿ ಜಗುಲಿಯ ಮೇಲೆ ಬರಿಗಾಲಿಡುವುದೇ ಒಂದು ಸುಖ, ಮಳೆಗಾಲದಲ್ಲಿ ಅದು ಬೆವರುವುದೂ ಇಲ್ಲ. ಬೆವರದಿರುವುದಕ್ಕೂ ಕೆಡುವುದಕ್ಕೂ ಕಾರಣ ಒಂದೇ: ಅದು ನೀರು ಹೀರುತ್ತದೆ. ಎರಚಲು ಬೀಳುವ ಮುಂದಿನ ಎರಡು ಸಾಲು ಪ್ರತಿ ಆಗಸ್ಟ್‌ನಲ್ಲಿ ಪಾಚಿ ಕಟ್ಟುತ್ತಿತ್ತು. ಇದಕ್ಕೆಂದು ಅಂಗಡಿಯವರೊಬ್ಬರು ಐದು ವರ್ಷ ಬಾಳುತ್ತದೆಂದು ಹೇಳಿ ಕೊಟ್ಟ ಸೀಲರ್ (ನೀರು ಹೀರದಂತೆ ಹಚ್ಚುವ ಲೇಪ) ಒಂದೇ ಮಳೆಗಾಲಕ್ಕೆ ಬಿಳಿಯ ಪೊರೆಯಾಗಿ ಎದ್ದುಬಂತು. ಅದನ್ನು ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ಅಡಿಕೆ ಬೇಯಿಸಿದ ಚೊಗರು ತುಳುಕಿದ ಕಲೆಯಂತೂ ಇನ್ನು ಹೋಗುವುದಿಲ್ಲ.

ಈಗ ಕಟ್ಟುವುದಾದರೆ ನಡುಮನೆಗೂ ಶಹಾಬಾದ್ ಕಲ್ಲನ್ನೇ ಹಾಸಿಸುತ್ತಿದ್ದೆ, ಕೆಂಪು ನೆಲವನ್ನು ಮಲಗುವ ಕೋಣೆಗಳಿಗೆ ಗಾಜಿನ ಪಟ್ಟಿ ಸಮೇತ ಉಳಿಸಿಕೊಳ್ಳುತ್ತಿದ್ದೆ. ಜಗುಲಿಯ ಮುಂದಿನ ಎರಡು ಸಾಲನ್ನು ಹೋದ ತಿಂಗಳು ಕಿತ್ತು ಕಲ್ಲು ಹಾಸಿಸಿದ್ದಾಯಿತು. ಒಡೆಯದೆ ಬಂದ ಟೈಲ್ಸ್ ಅನ್ನು ಬಾವಿಕಟ್ಟೆಗೆ ಹೋಗುವ ದಾರಿಗೆ ಮರಳಿನ ಮೇಲೆ ಜೋಡಿಸಿದ್ದೇವೆ; ಅಲ್ಲಿ ಪಾಚಿ ಕಟ್ಟಿದರೂ ಯಾರ ತಕರಾರೂ ಇಲ್ಲ.