ನಂಜನಗೂಡು ದೊಡ್ಡ ಜಾತ್ರೆ, ಅಮ್ಮನ ಜೊತೆ ಹೋಗ್ಬಂದ ಅನುಭವ

ಮೈಸೂರಲ್ಲೇ ಹುಟ್ಟಿ ಬೆಳೆದ್ರೂ ನಂಜುಂಡೇಶ್ವರನ ದೊಡ್ಡ ತೇರನ್ನ ಹತ್ರದಿಂದ ನೋಡಿರ್ಲಿಲ್ಲ ಕಣ್ರೀ. ಇಪ್ಪತ್ನಾಲ್ಕು ಇಪ್ಪತ್ತೈದು ಕಿಲೋಮೀಟರ್ ಅಷ್ಟೇ ಅಲ್ವಾ, ಯಾವಾಗ ಬೇಕಾದ್ರೂ ಹೋದ್ರಾಯ್ತು ಅಂತಾನೇ ವರ್ಷಗಳು ಕಳೆದುಹೋದ್ವು. ಈ ಸಲ ಅಮ್ಮ ಹಟ ಹಿಡಿದ್ರು.

ಮೊದಲು ಓಡಾಟದ ವಿಷಯ ಹೇಳ್ತೀನಿ. ಹಿಂದಿನ ದಿನವೇ ಫೋನ್ ಮಾಡಿ ಒಂದು ಕಾರ್ ಮಾತಾಡಿದ್ದೆ, ಬೆಳಗಿನ ಜಾವ ನಾಲ್ಕಕ್ಕೆ ಬರ್ತೀನಿ ಅಂದೋರು ಐದೂವರೆಗೆ ಬಂದ್ರು, ಊರೊಳಗೆ ಬಿಡ್ತಿಲ್ಲ ಅಂತ ಹೊರಗಡೆನೇ ಇಳಿಸಿ ಮಾತಾಡಿದ್ದಕ್ಕಿಂತ ಮುನ್ನೂರು ರೂಪಾಯಿ ಜಾಸ್ತಿ ತಗೊಂಡ್ರು, ಮಂಡಿನೋವಿರೋ ಅಮ್ಮನ್ನ ಅಷ್ಟು ದೂರ ನಡೆಸಿದ್ದು ನಂಗೆ ಇವತ್ತಿಗೂ ಬೇಜಾರಿದೆ. ವಾಪಸ್ ಬರುವಾಗ ಚಾಮರಾಜನಗರ ಕಡೆಯಿಂದ ಬರೋ ರೈಲು ಹತ್ತಿದ್ವಿ, ಎಷ್ಟು ಆರಾಮ ಅಂತೀರಾ! ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಜಾತ್ರೆ ದಿನ ಕಾರ್ ನಂಬ್ಬೇಡಿ, ಆಗೋದಾದ್ರೆ ಹಿಂದಿನ ರಾತ್ರಿನೇ ಹೋಗಿ ಅಲ್ಲೇ ಉಳ್ಕೊಳ್ಳಿ.

ಇನ್ನು ತೇರು. ಒಂದಲ್ಲ, ಐದು. ಗಣಪತಿ, ಶ್ರೀಕಂಠೇಶ್ವರ (ನಂಜುಂಡೇಶ್ವರನದೇ ಇನ್ನೊಂದು ಹೆಸರು), ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಅದಕ್ಕೇ ಪಂಚ ಮಹಾರಥೋತ್ಸವ ಅನ್ನೋದು. ಸ್ವಾಮಿದು ಗೌತಮ ರಥ, ಎಲ್ಲಕ್ಕಿಂತ ದೊಡ್ಡದು, ಕತ್ತೆತ್ತಿ ನೋಡಿದ್ರೆ ಬಟ್ಟೆ ಬಾವುಟ ಎಲ್ಲಾ ಸೇರಿ ಆಕಾಶ ಮುಚ್ಚಿದ ಹಾಗೆ ಕಾಣ್ಸತ್ತೆ. ಆದ್ರೆ ನಾನು ಮೇಲೆ ನೋಡಿದ್ದಕ್ಕಿಂತ ಕೆಳಗೆ ನೋಡಿದ್ದೇ ಹೆಚ್ಚು. ನಾವು ನಿಂತಿದ್ದು ರಥಬೀದಿ ತಿರುವಿನ ಹತ್ರ. ಹಗ್ಗ ಎಳೆಯೋರು ನೂರಾರು ಜನ, ಅವರಿಗೆ ತೇರು ಕಾಣಲ್ಲ, ಬೆನ್ನು ಕೊಟ್ಟಿರ್ತಾರೆ. ತೇರನ್ನ ತಿರುಗಿಸೋರು ಬೇರೆ, ಚಕ್ರದ ಪಕ್ಕದಲ್ಲೇ ದಪ್ಪ ಮರದ ದಿಂಡು ಹಿಡ್ಕೊಂಡು ಬಗ್ಗಿ ನಡೀತಿರ್ತಾರೆ, ಚಕ್ರದ ಅಡಿಗೆ ಸರಿಯಾದ ಕ್ಷಣಕ್ಕೆ ದಿಂಡು ಕೊಡ್ತಾರೆ, ಮರ ಮರಕ್ಕೆ ಉಜ್ಜಿ ಕಿರ್ ಅನ್ನತ್ತೆ, ಹೊಗೆ ಬಂದ ಹಾಗೆ ವಾಸನೆ, ತೇರು ಒಂಚೂರು ಓಲಾಡಿ ಆ ಕಡೆ ತಿರುಗತ್ತೆ. ಒಬ್ರು ಅಂಗೈ ನೋಡಿದೆ, ಸಿಪ್ಪೆ ಎದ್ದು ಹೋಗಿತ್ತು. ಪಕ್ಕದವರು ತೇರಿಗೆ ಹಣ್ಣು, ಜವನ ಅನ್ನೋ ಪರಿಮಳದ ಸೊಪ್ಪು ಎಸೀತಿದ್ರು, ಹೊಸದಾಗಿ ಮದುವೆಯಾದ ಜೋಡಿಗಳೇ ಜಾಸ್ತಿ, ನನ್ನ ತಲೆ ಮೇಲೂ ಎರಡು ಬಾಳೆಹಣ್ಣು ಬಿತ್ತು, ಅಮ್ಮ ಅದನ್ನ ಪ್ರಸಾದ ಅಂತ ಸೆರಗಲ್ಲಿ ಕಟ್ಕೊಂಡ್ರು.

ದೇವಸ್ಥಾನದೊಳಗೆ ಅವತ್ತು ನೂಕುನುಗ್ಗಲು, ದರ್ಶನ ಆಗೋಷ್ಟರಲ್ಲಿ ಮಧ್ಯಾಹ್ನ. ನಿಧಾನವಾಗಿ ನೋಡ್ಬೇಕು ಅನ್ನೋರು ಬೇರೆ ದಿನ ಬನ್ನಿ. ಏಳು ಅಂತಸ್ತಿನ ಗೋಪುರ 120 ಅಡಿ, 1845ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಕಟ್ಟಿಸಿದ್ದು. ಒಳಗೆ ಅರವತ್ತಮೂವರು ಪುರಾತನರ, ಅಂದ್ರೆ ಹಳೇ ಕಾಲದ ಶಿವಭಕ್ತರ ವಿಗ್ರಹಗಳ ಸಾಲಿದೆ, ಅದನ್ನ ಬಿಡ್ಬೇಡಿ. ಕಣ್ಣುನೋವು ಬಂದಿದ್ದ ಟಿಪ್ಪುವಿನ ಪಟ್ಟದಾನೆಗೆ ಇಲ್ಲಿ ಹರಕೆ ಮಾಡಿ ವಾಸಿಯಾಗಿ, ಟಿಪ್ಪು ಹಕೀಂ ನಂಜುಂಡ ಅಂತ ಕರೆದು ಪಚ್ಚೆ ಲಿಂಗ ಕೊಟ್ಟ ಅನ್ನೋ ಕಥೆ ನಮ್ಮ ಕಡೆ ಎಲ್ರಿಗೂ ಗೊತ್ತು, ಅಮ್ಮ ಅದನ್ನ ಕ್ಯೂನಲ್ಲಿ ಮುಂದಿದ್ದ ಹುಬ್ಬಳ್ಳಿಯವರಿಗೆ ಪೂರ್ತಿ ಹೇಳಿದ್ರು.

ಅಲ್ಲಿಂದ ಪರಶುರಾಮ ದೇವಸ್ಥಾನಕ್ಕೆ ಆಟೋದಲ್ಲಿ ಹೋದ್ವಿ. ಚಿಕ್ಕದು, ಜನ ಕಮ್ಮಿ, ಇಲ್ಲಿಗೆ ಬರದಿದ್ರೆ ನಂಜನಗೂಡು ಯಾತ್ರೆ ಪೂರ್ತಿಯಾಗಲ್ಲ ಅಂತಾರೆ. ಕಪಿಲಾ ನದಿ ಕಡೆಯಿಂದ ಬರೋ ಗಾಳಿಗೆ ಅಮ್ಮ ಕಾಲು ಚಾಚ್ಕೊಂಡು ಅರ್ಧ ಗಂಟೆ ಕೂತ್ರು, ಬೆಳಗಿನ ಸುಸ್ತೆಲ್ಲಾ ಅಲ್ಲೇ ಇಳೀತು.

ಊಟದ ಯೋಚನೆನೇ ಬೇಡ, ಬೀದಿ ಬೀದೀಲೂ ಅರವಟ್ಟಿಗೆ, ಪಾನಕ, ಮಜ್ಜಿಗೆ, ಕೋಸಂಬರಿ ಕರೆದು ಕರೆದು ಕೊಡ್ತಾರೆ. ರಸಬಾಳೆ ಮಾತ್ರ ನೋಡಿ ತಗೊಳ್ಳಿ, ರೋಗ ಬಿದ್ದು ತೋಟಗಳು ಕಮ್ಮಿಯಾಗಿ ನಿಜವಾದದ್ದು ಸಿಗೋದು ಅಪರೂಪ. ಅಸಲಿ ಹಣ್ಣು ಸಿಪ್ಪೆ ಕಪ್ಪಾದ್ರೂ ಒಳಗೆ ಗಟ್ಟಿ ಇರತ್ತೆ. ನಾವು ತಂದಿದ್ದು ಎರಡೇ ದಿನಕ್ಕೆ ಮೆತ್ತಗಾಯ್ತು.

ತೆಪ್ಪೋತ್ಸವ ನೋಡೋಕೆ ಆಗ್ಲಿಲ್ಲ, ನಂಗೆ ರಜೆ ಇರ್ಲಿಲ್ಲ. ಮುಂದಿನ ವರ್ಷ ಮೂರು ದಿನಕ್ಕೆ ರೂಮ್ ಮಾಡು ಅಂತ ಅಮ್ಮ ರೈಲಲ್ಲೇ ಹೇಳಿಟ್ಟಿದ್ದಾರೆ.